ಗೋಡೆ ಹಾಸಿಗೆ

ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಅವಳು ಮಗಳ ಕಿವಿಯ ಕೆಲಸ ಮುಗಿಸಿಬಿಡುತ್ತಿದ್ದಳು. ಮಗುವನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ, ಕೇಳಿಸುವ ಯಂತ್ರವನ್ನು ಒಣಬಟ್ಟೆಯಲ್ಲಿ ಒರೆಸಿ, ಕಿವಿಯನ್ನು ಮೆಲ್ಲಗೆ ಹಿಂದಕ್ಕೆಳೆದು ಸಿಕ್ಕಿಸುವಳು. ಗೋಡಂಬಿಯಷ್ಟೇ ಗಾತ್ರ, ಗೋಡಂಬಿಯದೇ ಬಾಗು. ಆಸ್ಪತ್ರೆಯ ಸರದಿಯಲ್ಲಿ ಕಾದು ಕಾದು ಕೊನೆಗೆ ಕೈಗೆ ಬಂದದ್ದು. ಕೊಡುವಾಗ ಡಾಕ್ಟರಮ್ಮ ಹೇಳಿದ್ದರು: "ಎಚ್ಚರ ಇರೋವಷ್ಟು ಹೊತ್ತೂ ಹಾಕಿರಬೇಕು. ಮಾತು ಕಲಿಯೋ ವಯಸ್ಸು ಕೈ ಜಾರ್ತಾ ಇದೆ. ಈಗ ಕೇಳಿಸಿಕೊಂಡರೆ ಉಂಟು, ಆಮೇಲೆ ಕಷ್ಟ."

ಮಗುವಿಗೆ ನಾಲ್ಕು ತುಂಬಿತ್ತು. ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಚಿಲಿಪಿಲಿ ಅನ್ನದ ಗುಬ್ಬಿ. ಯಂತ್ರ ಬಂದ ಮೇಲೆ ಅವಳು ಲೋಕವನ್ನು ಒಂದೊಂದಾಗಿ ಹುಡುಕಿಕೊಳ್ಳತೊಡಗಿದಳು. ನಲ್ಲಿಯಿಂದ ಬಕೆಟ್ಟಿಗೆ ಬೀಳುವ ಹನಿ, ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದು, ಗಂಜಿ ಹಾಕಿದ ಅಂಗಿ ಮಡಿಸುವಾಗ ಸರಭರ ಅನ್ನುವುದು. ಒಂದು ಬೆಳಿಗ್ಗೆ ತಾಯಿ ಬೆನ್ನ ಹಿಂದಿನಿಂದ "ಬಾ" ಅಂದಾಗ ತಿರುಗಿ ನೋಡಿ, ತಾನೂ "ಬಾ" ಅಂದಳು. ಆ ದಿನ ತಾಯಿ ಯಾರದೋ ಬಿಳಿ ಅಂಗಿಯ ಬೆನ್ನು ಸುಟ್ಟುಹಾಕಿದಳು. ಬೈಸಿಕೊಳ್ಳುವಾಗಲೂ ನಗುತ್ತಿದ್ದಳು.

ಅದಾದ ಕೆಲವೇ ದಿನಕ್ಕೆ ಓಣಿಯಾಚೆಯ ಹಳೆ ಗೋದಾಮನ್ನು ಒಡೆಯುವ ಕೆಲಸ ಶುರುವಾಯಿತು.

ಬ್ರೇಕರ್ ಯಂತ್ರದ ಉಕ್ಕಿನ ಕೊಕ್ಕು ಕಾಂಕ್ರೀಟನ್ನು ಕುಟ್ಟತೊಡಗಿದರೆ ಓಣಿಯ ಮನೆಗಳಲ್ಲಿ ಪಾತ್ರೆಗಳು ತಾವಾಗಿಯೇ ಕುಣಿಯುತ್ತಿದ್ದವು. ದೊಡ್ಡವರು ಕಿವಿಗೆ ಹತ್ತಿ ತುರುಕಿಕೊಂಡು, ಬಾಯಿಗೆ ಬಂದದ್ದು ಬೈದುಕೊಂಡು ದಿನ ದೂಡಿದರು. ಗುಬ್ಬಿಗೆ ಆ ಸದ್ದು ಕಿವಿಯ ಯಂತ್ರದೊಳಗೆ ಹೊಕ್ಕು, ಹಿಗ್ಗಿ, ತಲೆಯೊಳಗೇ ಕುಟ್ಟುತ್ತಿತ್ತು. ಕೇಳುವುದನ್ನು ಹೊಸದಾಗಿ ಕಲಿಯುತ್ತಿದ್ದ ಮಗು ಈ ಪಾಠವನ್ನು ಬಹಳ ಬೇಗ ಕಲಿತಿತು: ಕೇಳಿಸುವುದೆಂದರೆ ನೋವು. ತಾಯಿ ಒಣಬಟ್ಟೆ ಕೈಗೆತ್ತಿಕೊಂಡರೆ ಸಾಕು, ಬಟ್ಟೆಗಂಟುಗಳ ಹಿಂದೆ ಅಡಗುವಳು. ಬಲವಂತವಾಗಿ ಹಾಕಿದರೆ ಕಿತ್ತು ಚಪ್ಪಲಿಯೊಳಗೆ ಬಚ್ಚಿಡುವಳು. "ಬಾ" ಅನ್ನುವುದು ನಿಂತೇಹೋಯಿತು.

ಶಬ್ದ ತಡೆಯುವ ಸಾಮಾನು ಅಲ್ಲಿ ಇರಲಿಲ್ಲವೆಂದಲ್ಲ. ಲಾರಿ ತುಂಬ ಬಂದಿತ್ತು. ಒಂದು ಮಗ್ಗುಲಲ್ಲಿ ದಪ್ಪ ಟಾರ್ಪಾಲು, ಇನ್ನೊಂದರಲ್ಲಿ ಜಾಲರಿ, ನಡುವೆ ಒತ್ತಿ ತುಂಬಿದ ಉಣ್ಣೆಯಂಥದ್ದು. ಇಬ್ಬರು ಹೊತ್ತರೂ ಬೆನ್ನು ಬಾಗಿಸುವಷ್ಟು ಭಾರದ ಪರದೆಗಳು. ಕೆಲಸಗಾರರು ಅದಕ್ಕೆ ಗೋಡೆ ಹಾಸಿಗೆ ಎಂದು ಹೆಸರಿಟ್ಟರು. ತಂದು ಇಳಿಸಿದವನು ಮೇಸ್ತ್ರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಯಂತ್ರಕ್ಕೆ ಎಷ್ಟು ಹತ್ತಿರ ನಿಲ್ಲಿಸಿದರೆ ಅಷ್ಟು ಒಳ್ಳೆಯದು, ಜಾಲರಿಯ ಮಗ್ಗುಲು ಯಂತ್ರದ ಕಡೆಗಿದ್ದು ಸದ್ದನ್ನು ಕುಡಿಯಬೇಕು, ಒಂದರ ಅಂಚನ್ನು ಇನ್ನೊಂದು ಹೊದ್ದುಕೊಳ್ಳಬೇಕು, ಬುಡ ನೆಲ ಮುಟ್ಟಬೇಕು.

"ಶಬ್ದ ನೀರಿದ್ದ ಹಾಗೆ ಮೇಸ್ತ್ರಿ. ಬೆರಳು ತೂರೋ ಸಂದಿ ಸಿಕ್ಕರೂ ಹರಿದು ಹೋಗುತ್ತೆ" ಅಂದಿದ್ದ. ಮೇಸ್ತ್ರಿ ತಲೆಯಾಡಿಸಿದ್ದ.

ಆಮೇಲೆ ಮಾಲೀಕರ ಫೋನು ಬಂತು. ಪರದೆಗಳ ಹೊರಮೈಗೆ ಮುಂದೆ ಕಟ್ಟಲಿರುವ ಕಟ್ಟಡದ ಬಣ್ಣದ ಚಿತ್ರ ಅಚ್ಚು ಹಾಕಿಸಿದ್ದೇನೆ, ಅದು ದೊಡ್ಡ ರಸ್ತೆಗೆ ಕಾಣಬೇಕು ಎಂದರು. ಹಾಗಾಗಿ ಬಹುಪಾಲು ಪರದೆಗಳು ದೊಡ್ಡ ರಸ್ತೆಯ ಬೇಲಿಗೆ ಹೋದವು, ಬಟ್ಟೆ ಒಣಹಾಕಿದಂತೆ. ಆ ಕಡೆ ಇದ್ದದ್ದು ನಿಲ್ಲದೆ ಓಡುವ ವಾಹನಗಳು. ಜನ ಉಂಡು ಮಲಗಿ ಬದುಕುವ ಓಣಿಯ ಕಡೆಗೆ ಬರೀ ತಂತಿಬೇಲಿ. ಮಿಕ್ಕ ಕೆಲವನ್ನು ಮೇಸ್ತ್ರಿ ತನ್ನ ತಗಡಿನ ಕೋಣೆಯ ಒಳಗೋಡೆಗೆ ಸುತ್ತಲೂ ಹೊಡೆಸಿಕೊಂಡ, ಫೋನಿನಲ್ಲಿ ಮಾತಾಡಬೇಕಲ್ಲ. ಕಿವಿಗಳಿದ್ದ ಕಡೆ ಕಟ್ಟಬೇಕಾದ್ದನ್ನು ಕಣ್ಣುಗಳಿದ್ದ ಕಡೆ ಕಟ್ಟಿಸಿದ್ದ, ಅಷ್ಟೆ.

ಇಸ್ತ್ರಿಯವಳು ಮೊದಲ ಸಲ ಬೇಲಿಯ ಬಳಿ ಬಂದಾಗ ಊಟದ ಬಿಡುವು. ಎಲ್ಲರೂ ನೆರಳಿಗೆ ಕೂತಿದ್ದರು. ಮಗುವಿನ ಕಿವಿಯಲ್ಲಿ ಯಂತ್ರವಿದೆ, ಸದ್ದು ತಡೆಯಲಾರದೆ ಕಿತ್ತು ಎಸೆಯುತ್ತದೆ, ನಮ್ಮ ಕಡೆಗೂ ಏನಾದರೂ ಮರೆ ಕಟ್ಟಿಸಿ ಎಂದು ಕೇಳಿಕೊಂಡಳು. ಮೇಸ್ತ್ರಿ ಬಾಯಿಯ ತುತ್ತು ನುಂಗಿ, ಸುತ್ತ ಕೂತವರನ್ನೊಮ್ಮೆ ನೋಡಿ ಹೇಳಿದ:

"ಅಲ್ಲ ತಾಯಿ, ಕಿವುಡು ಮಗೂಗೆ ಸದ್ದಿನ ಕಾಟವೇ? ಕುರುಡ ಬಂದು ದೀಪ ಕಣ್ಣಿಗೆ ಚುಚ್ಚುತ್ತೆ ಅಂದ ಹಾಗಾಯ್ತು."

ನಗು ಎದ್ದಿತು. ಬ್ರೇಕರ್ ಓಡಿಸುವ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಅವಳು ಬಟ್ಟೆಗಂಟು ಹೊತ್ತು ಓಣಿಯಲ್ಲಿ ಹಾದರೆ ಯಾರಾದರೊಬ್ಬ ಕಿವಿಯ ಹಿಂದೆ ಕೈ ಹಿಡಿದು "ಆಂ? ಏನಂದ್ರಿ?" ಅನ್ನುವುದು, ಉಳಿದವರು ಹಲ್ಲು ಕಿರಿಯುವುದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವಳು ಗಂಟನ್ನು ಅವರ ಕಡೆಯ ಭುಜಕ್ಕೆ ಬದಲಿಸಿಕೊಂಡು ನಡೆಯುತ್ತಿದ್ದಳು.

ಎರಡನೆಯ ಸಲ ಅವಳು ಕಿವಿಗೆ ಯಂತ್ರ ಸಿಕ್ಕಿಸಿ ಮಗುವನ್ನೇ ಎತ್ತಿಕೊಂಡು ಮೇಸ್ತ್ರಿಯ ಕೋಣೆಗೆ ಬಂದಳು. ಗುಬ್ಬಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ತಾಯಿಯ ಹೆಗಲಿಗೆ ಮುಖ ಒತ್ತಿದ್ದಳು. ಒಳಗೆ ಬಂದು ಬಾಗಿಲು ಹಾಕಿದ್ದೇ ತಡ, ಹೊರಗಿನ ಕುಟ್ಟುವಿಕೆ ಎಲ್ಲೋ ದೂರದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದಷ್ಟಕ್ಕೆ ಇಳಿಯಿತು. ತಾಯಿ ಗೋಡೆಯನ್ನು ನೋಡಿದಳು. ಕೈಯಿಂದ ಮುಟ್ಟಿಯೂ ನೋಡಿದಳು.

"ಇಲ್ಲಿ ಎಷ್ಟು ಚೆನ್ನಾಗಿ ಕಟ್ಟಿದ್ದೀರಿ ಅಣ್ಣಾ" ಅಂದಳು.

ಮೇಸ್ತ್ರಿಗೆ ಅದು ಚುಚ್ಚಿತು. ತನ್ನ ಕಷ್ಟ ಹೇಳಿಕೊಂಡ. ಹೇಳಿದ್ದು ಸುಳ್ಳೂ ಅಲ್ಲ. ಯಂತ್ರದ ಸುತ್ತ ಪರದೆ ಕಟ್ಟಿದರೆ ಒಳಗೆ ಧೂಳು, ಧಗೆ, ಕೆಲಸದವರಿಗೆ ಉಸಿರಾಡಲಾಗುವುದಿಲ್ಲ. ಯಂತ್ರ ಜಾಗ ಬದಲಿಸಿದಾಗಲೆಲ್ಲ ಪರದೆ ಬಿಚ್ಚಿ ಕಟ್ಟಬೇಕು. ಕೆಲಸ ತಡವಾದರೆ ಮಾಲೀಕರು ಅವನ ಜಾಗಕ್ಕೆ ಇನ್ನೊಬ್ಬನನ್ನು ತರುತ್ತಾರೆ, ಇವರೆಲ್ಲರ ಒಲೆ ಆರುತ್ತದೆ.

"ಒಂದು ಮಗೂಗೋಸ್ಕರ ಇಷ್ಟು ಹೊಟ್ಟೆ ಮೇಲೆ ಹೊಡೀಬೇಕಾ? ಆ ಮಿಷನ್ನು ಹಗಲು ತೆಗೆದಿಡಿ. ನಾವು ಹೋದ ಮೇಲೆ ಸಂಜೆ ಹಾಕಿ."

"ಮಗು ಸಂಜೆ ಮಾತ್ರ ಬೆಳೆಯಲ್ಲ ಅಣ್ಣಾ. ನನಗೆ ಸುತ್ತ ಕಟ್ಟೋದು ಬೇಡ. ನನ್ನ ಕಿಟಕಿ ಎದುರಿಗೆ ಒಂದು ನಾಲ್ಕು ಹಾಸಿಗೆ ಕಟ್ಟಿಸಿ. ಅಷ್ಟೇ ಕೇಳ್ತಿರೋದು."

ಮೇಸ್ತ್ರಿ ಚಹಾದ ಲೋಟಕ್ಕೆ ಸಕ್ಕರೆ ಹಾಕಿ ಚಮಚ ಆಡಿಸಿದ. ಟಿಣ್ ಟಿಣ್ ಅಂದಿತು.

ಗುಬ್ಬಿ ಹೆಗಲಿನಿಂದ ಮುಖ ಎತ್ತಿದಳು. ಕೈಗಳು ಕಿವಿಯಿಂದ ಇಳಿದವು. ಸದ್ದು ಎಲ್ಲಿಂದ ಎಂದು ಕೋಣೆಯೆಲ್ಲ ಹುಡುಕಿ, ಲೋಟವನ್ನು ಕಂಡು ನಕ್ಕಳು. "ಬಾ" ಅಂದಳು.

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಸ್ತ್ರಿ ಬೇಕೆಂದೋ ಬೇಡವೆಂದೋ ಇನ್ನೊಮ್ಮೆ ಚಮಚ ಆಡಿಸಿದ. ಮಗು ಇನ್ನೊಮ್ಮೆ "ಬಾ" ಅಂದು ಕೈ ಚಾಚಿತು. ಅಷ್ಟರಲ್ಲಿ ಫೋನು ಮೊಳಗಿತು, ಮಾಲೀಕರದು. ಕರಗಲು ಹೊರಟಿದ್ದ ಮೇಸ್ತ್ರಿಯ ಮನಸ್ಸು ಗಟ್ಟಿಯಾಯಿತು. ಕಟ್ಟಿಸುತ್ತೇನೆ ಎನ್ನಲಿಲ್ಲ. ಬಾಯಿಗೆ ಅಭ್ಯಾಸವಾದದ್ದೇ ಬಂತು.

"ಅಷ್ಟು ಇಷ್ಟ ಆದರೆ ಈ ಕೋಣೆಯನ್ನೇ ಬಾಡಿಗೆಗೆ ತಗೊಳ್ಳಿ. ಈಗ ಹೊರಡಿ, ನನಗೆ ಮಾತಿದೆ."

ಅವಳು ಬಾಗಿಲು ತೆಗೆದಳು.

ನಗುತ್ತಲೇ ಇದ್ದ ಮಗುವಿನ ಮೇಲೆ ಆ ಸದ್ದು ಗೋಡೆ ಕುಸಿದ ಹಾಗೆ ಬಿತ್ತು. ಅದರ ಬಾಯಿ ಅಗಲವಾಗಿ ತೆರೆಯಿತು, ಅಳು ಮಾತ್ರ ಯಾರಿಗೂ ಕೇಳಲಿಲ್ಲ. ಕಿವಿಯಿಂದ ಯಂತ್ರವನ್ನು ಕಿತ್ತು, ಬೊಗಳುವ ನಾಯಿಗೆ ಕಲ್ಲು ಬೀರುವಂತೆ, ಕುಟ್ಟುತ್ತಿದ್ದ ಬ್ರೇಕರಿನ ಕಡೆಗೆ ಬೀರಿತು. ಗೋಡಂಬಿಯಷ್ಟು ಚಿಕ್ಕದು ಒಡೆದ ಕಾಂಕ್ರೀಟಿನ ನಡುವೆ ಬಿತ್ತು.

ತಾಯಿ ಮಗುವನ್ನು ಮೆಟ್ಟಿಲ ಮೇಲೆ ಇಳಿಸಿ ಆ ಗೋಡಂಬಿಯ ಹಿಂದೆ ಓಡಿದಳು. ಮೊಣಕಾಲೂರಿ ಚೂರುಗಳನ್ನು ಕೈಯಲ್ಲಿ ಬಾಚತೊಡಗಿದಳು. ಡ್ರೈವರಿಗೆ ಅವಳು ಕಾಣಲಿಲ್ಲ. ಅವನು ಕೊಕ್ಕನ್ನು ಮೇಲೆತ್ತಿ, ಎಂಜಿನ್ ಅಬ್ಬರಿಸುವಂತೆ ಯಂತ್ರವನ್ನು ಹಿಂದಕ್ಕೆ ಬಿಟ್ಟ. ಚಕ್ರಗಳನ್ನು ಸುತ್ತಿದ ಅದರ ಉಕ್ಕಿನ ಪಟ್ಟಿಗಳು ಅವಳಿದ್ದ ಕಡೆಗೇ ಉರುಳತೊಡಗಿದವು.

ಮೇಸ್ತ್ರಿ ಫೋನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಿದ್ದ. "ನಿಲ್ಸೋ" ಎಂದು ಕೂಗಿದ. ಗಂಟಲು ಹರಿಯುವಂತೆ ಮತ್ತೆ ಕೂಗಿದ. ತನ್ನ ಕೂಗು ತನಗೇ ಕೇಳಲಿಲ್ಲ. ಪಕ್ಕದಲ್ಲಿ ಕಲ್ಲು ಹೊರುತ್ತಿದ್ದವನೂ ತಿರುಗಿ ನೋಡಲಿಲ್ಲ. ಬಾಯಿ ತೆರೆದು ನಿಂತ ಮೇಸ್ತ್ರಿ, ಅವನ ಕಾಲ ಬಳಿ ಬಾಯಿ ತೆರೆದು ನಿಂತ ಮಗು; ಇಬ್ಬರ ದನಿಗೂ ಅಲ್ಲಿ ಒಂದೇ ಬೆಲೆ. ಕೊನೆಗೆ ಓಡಿಹೋಗಿ ತಲೆಯ ಹೆಲ್ಮೆಟ್ಟನ್ನು ಕಿತ್ತು ಡ್ರೈವರನ ಗಾಜಿಗೆ ಬೀಸಿ ಹೊಡೆದ. ಯಂತ್ರ ನಿಂತಿತು. ತಾಯಿಯ ಸೆರಗಿನ ತುದಿ ಪಟ್ಟಿಯ ಅಡಿಗೆ ಸಿಕ್ಕಿತ್ತು.

ಸೆರಗು ಬಿಡಿಸಲು ಯಂತ್ರವನ್ನು ಮುಂದಕ್ಕೆ ತೆಗೆದಾಗ ಆ ಗೋಡಂಬಿಯೂ ಸಿಕ್ಕಿತು. ಹಪ್ಪಳವಾಗಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಒರೆಸಿದಳು, ದಿನವೂ ಒರೆಸುವಂತೆ. ಸುತ್ತ ಜನ ಸೇರಿದರು. ಮೇಸ್ತ್ರಿ ಗಾಜಿಗೆ ಹೊಡೆದದ್ದಕ್ಕೆ ಹೆದರಿದ ಡ್ರೈವರ್ ಕೆಳಗಿಳಿದು ಬಂದ. ಮೇಸ್ತ್ರಿಯನ್ನು ನಗಿಸಿ ಸಮಾಧಾನ ಮಾಡೋಣವೆಂದುಕೊಂಡನೋ ಏನೋ.

"ಹೋಗ್ಲಿ ಬಿಡಿ ಮೇಸ್ತ್ರಿ. ಇನ್ನು ಮಗೂಗೆ ಸದ್ದಿನ ಕಾಟ ತಪ್ಪಿತು" ಅಂದ.

ಮಾತು ಡ್ರೈವರನದಾದರೂ ಬಾಯಿ ತನ್ನದೇ ಎಂದು ಮೇಸ್ತ್ರಿಗೆ ಗೊತ್ತಾಯಿತು. ಒಂದಿಬ್ಬರು ಅಭ್ಯಾಸಬಲದಿಂದ ಹಲ್ಲು ತೋರಿಸಿ, ಅವನ ಮುಖ ನೋಡಿ ಮುಚ್ಚಿಕೊಂಡರು. ಇಸ್ತ್ರಿಯವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮಗುವನ್ನೆತ್ತಿಕೊಂಡು ಹೋದಳು.

ಅಂದು ಕೆಲಸ ಮತ್ತೆ ಶುರುವಾಗಲಿಲ್ಲ. ಮೇಸ್ತ್ರಿ ತನ್ನ ಕೋಣೆಗೆ ಹೋಗಿ ಒಳಗೋಡೆಯ ಪರದೆಗಳನ್ನು ಒಂದೊಂದಾಗಿ ತಾನೇ ಕಿತ್ತ. ರಸ್ತೆಯ ಬೇಲಿಯಲ್ಲಿದ್ದವನ್ನೂ ಬಿಚ್ಚಿಸಿದ. ಬ್ರೇಕರಿನ ಹತ್ತಿರವೇ ಕಬ್ಬಿಣದ ಕೊಳವೆಗಳ ಚೌಕಟ್ಟು ಎಬ್ಬಿಸಿ, ಓಣಿಯ ಕಡೆ ಮೊದಲು, ಆಮೇಲೆ ಎರಡೂ ಪಕ್ಕಕ್ಕೆ ಅವನ್ನು ತೂಗಿಸಿದರು. ಜಾಲರಿ ಒಳಗೆ, ಟಾರ್ಪಾಲು ಹೊರಗೆ. ಅಂಚಿನ ಮೇಲೆ ಅಂಚು. ಬುಡಕ್ಕೆ ಮರಳಿನ ಚೀಲ. ಮೇಲ್ಗಡೆಯನ್ನೂ ಓಣಿಗೆ ಬೆನ್ನಾದ ಕಡೆಯನ್ನೂ ಗಾಳಿಗೆಂದು ಬಿಟ್ಟರು. ಒಳಗಿನವರು ಸರದಿಯ ಮೇಲೆ ಹೊರಗೆ ಬಂದು ಸುಧಾರಿಸಿಕೊಳ್ಳಲಿ, ಧೂಳಿಗೆ ನೀರು ಚಿಮುಕಿಸಿ ಎಂದ. ಇಷ್ಟನ್ನೂ ಅವನಿಗೆ ಮೊದಲ ದಿನವೇ ಹೇಳಿದ್ದರು. ಹೊಸದಾಗಿ ಕಲಿತದ್ದು ಏನೂ ಇರಲಿಲ್ಲ.

ಚಿತ್ರ ಎಲ್ಲಿ ಹೋಯಿತು ಎಂದು ಮಾಲೀಕರು ಕೇಳಿದಾಗ, ಓಣಿಯವರು ನೋಡುತ್ತಿದ್ದಾರೆ ಎಂದ. ಬೇರೆ ಮೇಸ್ತ್ರಿಯನ್ನು ಕಳಿಸಲೇ ಎಂದರು. ಕಳಿಸಿ, ಬಂದವನಿಗೆ ಗಂಟು ಹಾಕುವುದನ್ನು ತೋರಿಸಿಕೊಟ್ಟು ಹೋಗುತ್ತೇನೆ ಎಂದ. ಅವರು ಫೋನು ಇಟ್ಟರು.

ಮರುದಿನ ಬ್ರೇಕರ್ ಕುಟ್ಟತೊಡಗಿದಾಗ ಮೇಸ್ತ್ರಿ ಓಣಿಯಲ್ಲಿ ನಿಂತು ಕೇಳಿದ. ಸದ್ದು ಪೂರ್ತಿ ಹೋಗಿರಲಿಲ್ಲ, ಮೊನಚು ಹೋಗಿತ್ತು. ಕಪಾಟಿನ ಪಾತ್ರೆಗಳು ಸುಮ್ಮನಿದ್ದವು. ಯಾರದೋ ಮನೆಯಲ್ಲಿ ನೀರು ಸುರಿಯುವುದು, ಇಸ್ತ್ರಿಪೆಟ್ಟಿಗೆ ಮೇಜಿಗೆ ಕುಕ್ಕುವುದು ಕೇಳುತ್ತಿತ್ತು. ಚಹಾದ ಲೋಟ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ಹೋದ.

"ಈಗ ಕೇಳಿಸುತ್ತಾ ತಂಗಿ?"

"ನನಗೆ ಅಷ್ಟಾಗಿ ಕೇಳಿಸ್ತಿಲ್ಲ ಅಣ್ಣಾ" ಅಂದಳು, ಕಾಲರಿನಿಂದ ಕಣ್ಣೆತ್ತದೆ. "ಅವಳಿಗೂ ಕೇಳಿಸ್ತಿಲ್ಲ."

ಆಸ್ಪತ್ರೆಯಲ್ಲಿ ಏನೆಂದರು ಎಂದು ಕೇಳಿದ. ನಿನ್ನೆಯೇ ಹೋಗಿದ್ದೆ, ಮತ್ತೆ ಸರದಿಯ ಕೊನೆಗೆ ಹೆಸರು ಹಾಕಿದ್ದಾರೆ ಎಂದಳು. ಸರದಿ ಬರುವ ಹೊತ್ತಿಗೆ ಎಂದು ಏನೋ ಹೇಳಲು ಹೋಗಿ, ತೋಳಿನ ಮಡಿಕೆಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಹಿಡಿದಳು.

ಗುಬ್ಬಿ ಕಟ್ಟೆಯ ಮೇಲೆ ಅವನಿಗೆ ಬೆನ್ನು ಮಾಡಿ ಕೂತು ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮೇಸ್ತ್ರಿ ಚಮಚ ಆಡಿಸಿದ. ಟಿಣ್ ಟಿಣ್. ಜೋರಾಗಿ ಆಡಿಸಿದ. ಮಗು ಇನ್ನೊಂದು ಗುಂಡಿ ಇಟ್ಟಿತು. ಚಹಾ ಲೋಟದಿಂದ ತುಳುಕಿ ಅವನ ಬೆರಳು ಸುಟ್ಟಿತು, ಮಗು ತಿರುಗಲಿಲ್ಲ.

ಲೋಟವನ್ನು ಕಟ್ಟೆಯ ಮೇಲಿಟ್ಟು ಅವನು ಹಿಂದಿರುಗಿ ನೋಡಿದ. ಓಣಿಯ ಕಡೆಯ ಎರಡು ಪರದೆಗಳ ನಡುವೆ ಇನ್ನೂ ಒಂದು ಎಳೆ ಬೆಳಕು ಕಾಣುತ್ತಿತ್ತು. ಹಗ್ಗದ ತುಂಡೊಂದನ್ನು ಹುಡುಕಿಕೊಂಡು ಅದರ ಕಡೆಗೆ ನಡೆದ.