ಬಿದ್ದ ಜಾಗ

"ಮುಟ್ಬ್ಯಾಡಿ ಅಂತ ನಮ್ಗೇ ಹೇಳ್ತವ್ಳಲ್ಲೋ. ಕೇರಿಯೋಳು ನಮ್ಗೆ ಮುಟ್ಬ್ಯಾಡಿ ಅನ್ನೋ ಕಾಲ ಬಂತು ನೋಡ್ರಲೇ."

ರಾಜಶೇಖರ್ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ನಗುತ್ತ ಹೇಳಿದ. ಅವನ ಆಳುಗಳಿಬ್ಬರೂ ನಕ್ಕರು. ಕೋಮಲಾ ರಸ್ತೆ ಬದಿಯ ಜಲ್ಲಿಯ ಮೇಲೆ ಮೊಣಕಾಲೂರಿ, ಅಂಗಾತ ಬಿದ್ದಿದ್ದವನ ತಲೆಯನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿದಿದ್ದಳು. ಒಬ್ಬ ಆಳು ಆಗಲೇ ಅವನ ಕಂಕುಳಿಗೆ ಕೈ ಹಾಕಿದ್ದ, ಇನ್ನೊಬ್ಬ ಕಾಲು ಹಿಡಿದಿದ್ದ. ಕಾಯಿ ಚೀಲ ಎತ್ತಿದ ಹಾಗೆ ಎತ್ತಿ ಆಂಬುಲೆನ್ಸಿಗೆ ಎಸೆಯುವುದು ಅವರ ಲೆಕ್ಕವಾಗಿತ್ತು. ಕತ್ತು ಮುರಿದಿರಬಹುದು, ಹೀಗೆ ಎತ್ತಿದರೆ ಉಸಿರೇ ನಿಂತುಹೋಗಬಹುದು ಎಂದು ಅವಳು ಇನ್ನೊಮ್ಮೆ ಹೇಳಿದಳು. ಆಳುಗಳು ಅವಳ ಮುಖ ನೋಡಲಿಲ್ಲ, ಯಜಮಾನನ ಮುಖ ನೋಡಿದರು. ಅವನು ಕೈ ಬೀಸಿದ ಮೇಲೆಯೇ ಹಿಂದೆ ಸರಿದದ್ದು.

ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಮುಟ್ಟುವವರೆಗೆ ಅವನ ಜೀವ ಕಾಯುವುದು ಕೋಮಲಾಳ ಕೆಲಸ. ಗಾಡಿ ನಿಲ್ಲುತ್ತಿದ್ದುದು ಅಜ್ಜಂಪುರದಲ್ಲಿ. ಪೇಟೆಯ ಜನ ಅವಳನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು. ಈ ಊರಿನಲ್ಲಿ ಮಾತ್ರ ಅವಳು ಅಂಜಿನಮ್ಮನ ಮಗಳು. ಅವಳ ಅವ್ವ ರಾಜಶೇಖರನ ತೋಟದಲ್ಲಿ ಒಣಗಿದ ಗರಿ ಎಳೆದು ಎಳೆದೇ ಬೆನ್ನು ಬಾಗಿಸಿಕೊಂಡವಳು. ಮೈಮೇಲಿನ ಯೂನಿಫಾರ್ಮಾಗಲಿ, ಕೊರಳಿನ ಗುರುತಿನ ಚೀಟಿಯಾಗಲಿ ಅದನ್ನು ಮುಚ್ಚುತ್ತಿರಲಿಲ್ಲ.

ಮೊದಲು ಜಾಗ ನೋಡು, ನಿನಗೆ ಅಪಾಯವಿಲ್ಲ ಅಂತ ಖಾತ್ರಿ ಮಾಡಿಕೊ, ಆಮೇಲೆ ರೋಗಿಯ ಹತ್ತಿರ ಹೋಗು ಎಂದು ತರಬೇತಿಯಲ್ಲಿ ಕಲಿಸಿದ್ದರು. ರಬ್ಬರಿನ ಬೊಂಬೆಯನ್ನು ನೆಲದ ಮೇಲೆ ಮಲಗಿಸಿ ಕಲಿಸಿದ ಪಾಠ ಅದು. ಆ ಬೊಂಬೆಗೆ ಯಜಮಾನ ಇರಲಿಲ್ಲ.

ಬೈಕ್ ಜಾರಿ ಒಬ್ಬ ಬಿದ್ದಿದ್ದಾನೆ ಎಂದು ಫೋನ್ ಬಂದಿತ್ತು. ಬೈಕೇನೋ ಪಕ್ಕದಲ್ಲಿತ್ತು, ಆದರೆ ಬಿದ್ದ ಹಾಗಿರಲಿಲ್ಲ, ಯಾರೋ ಮಲಗಿಸಿದ ಹಾಗಿತ್ತು. ಬಿದ್ದವನನ್ನು ಕೋಮಲಾ ಬಲ್ಲಳು. ತೆಂಗಿನಮರ ಹತ್ತುವ ದೇವೀರಪ್ಪ. ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಆಸಾಮಿ, ಬೈಕ್ ಓಡಿಸುವುದೆಂದರೇನು! ಡ್ರೈವರ್ ಹೇಮಂತನಿಗೆ ತಲೆ ಹಿಡಿಯಲು ಕೊಟ್ಟು ಅವಳು ಮೈಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬಂದಳು. ಉಸಿರು ಮೇಲುಮೇಲೆ ಆಡುತ್ತಿತ್ತು. ಎದೆ ಏಳುತ್ತಿರಲಿಲ್ಲ, ಹೊಟ್ಟೆ ಮಾತ್ರ ಏಳುತ್ತಿತ್ತು. ನಾಡಿ ನಿಧಾನ. ಜಲ್ಲಿಯಲ್ಲಿ ಉಜ್ಜಿದ ಗಾಯ ಎಲ್ಲೂ ಇಲ್ಲ. ತೋಳಿನ ಒಳಮೈ, ಎದೆ ಮಾತ್ರ ಮರದ ಬೊಡ್ಡೆಗೆ ತರಚಿದಂತೆ ಕಿತ್ತುಹೋಗಿದ್ದವು. ಬಲ ಅಂಗೈಯಲ್ಲಿ ಬಿಳಿಚಿಕೊಂಡು ಒಣಗಿದಂತಿದ್ದ ಹೊಸ ಸುಟ್ಟ ಗಾಯ. ಕಾಲಿನ ಹೆಬ್ಬೆರಳನ್ನು ಜೋರಾಗಿ ಚಿವುಟಿದಳು. ಅವನಿಗೆ ಗೊತ್ತೇ ಆಗಲಿಲ್ಲ.

ಏನಾಯಿತೆಂದು ಅವಳು ಕೇಳಿದ್ದು ದೇವೀರಪ್ಪನನ್ನು. ಉತ್ತರ ಕೊಟ್ಟವನು ರಾಜಶೇಖರ್. ಬೈಕಿನಿಂದ ಬಿದ್ದ ಅಂತ ಆಗಲೇ ಹೇಳಿದೆವಲ್ಲ, ಕಿವಿ ಕೇಳಿಸಲ್ಲವಾ ಅಂದ. ಅವಳು ದೇವೀರಪ್ಪನ ಮುಖದ ಮೇಲೆ ಬಗ್ಗಿ ಮತ್ತೆ ಕೇಳಿದಳು. ಅವನ ಕಣ್ಣು ಪಕ್ಕಕ್ಕೆ, ಯಜಮಾನನ ಬಿಳಿ ಪೈಜಾಮದ ಕಡೆಗೆ ಹೊರಳಿ, ಅಲ್ಲೇ ನಿಂತಿತು.

"ಬೈಕು ಕಣವ್ವ," ಅಂದ. "ಬೈಕೇ."

ಕತ್ತಿಗೆ ಪಟ್ಟಿ ಕಟ್ಟಿ, ಮೈಯನ್ನು ಒಂದೇ ಸಮನೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕಿತ್ತು. ಅದಕ್ಕೆ ಇನ್ನೊಂದು ಜೊತೆ ಕೈ ಬೇಕು. ಆಳುಗಳು ಈಗ ಕೈಕಟ್ಟಿ ನಿಂತಿದ್ದರು. ಮುಟ್ಟಬೇಡ ಅಂದಳಲ್ಲ, ಅವಳೇ ಎತ್ತಿಕೊಳ್ಳಲಿ ಎಂದು ಯಜಮಾನ ಹೇಳಿಯಾಗಿತ್ತು. ಮೋರಿ ಕಟ್ಟೆಯ ಹತ್ತಿರ ಒಬ್ಬ ಹೆಂಗಸು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ದೇವೀರಪ್ಪನ ಹೆಂಡತಿ ತೀರ್ಥಮ್ಮ. ಗಂಡ ಬಿದ್ದಲ್ಲಿಗೆ ಬರಬಾರದು ಎಂದು ಯಾರೋ ಗೆರೆ ಎಳೆದು ನಿಲ್ಲಿಸಿದ ಹಾಗೆ ನಿಂತಿದ್ದಳು. ಕೋಮಲಾ ಕೂಗಿ ಕರೆದಳು. ತೀರ್ಥಮ್ಮ ಯಜಮಾನನ ಕಡೆ ನೋಡಿದಳು, ನೆಲ ನೋಡಿದಳು, ಆಮೇಲೆ ಬಂದಳು. ಮೂವರೂ ಸೇರಿ ಹಲಗೆ ಎತ್ತಿದರು.

ಗಾಡಿಯ ಬಾಗಿಲ ಹತ್ತಿರ ರಾಜಶೇಖರ್ ಇನ್ನೆರಡು ಅಪ್ಪಣೆ ಕೊಟ್ಟ. ಕಡೂರಿನಲ್ಲಿ ತನ್ನ ಭಾವಮೈದುನನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಬೇಕು, ಅಲ್ಲಿಗೆ ಫೋನ್ ಮಾಡಿಯಾಗಿದೆ. ಜೊತೆಗೆ ತನ್ನ ಆಳು ಬರುತ್ತಾನೆ, ಈ ಹೆಂಗಸಿಗೆ ಏನು ಗೊತ್ತಾಗುತ್ತದೆ. ಕೋಮಲಾ ಮಾತಿಗೆ ಮಾತು ಬೆಳೆಸಲಿಲ್ಲ. ತೀರ್ಥಮ್ಮನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಊರು ಹಿಂದೆ ಸರಿದ ಮೇಲೆ ದೇವೀರಪ್ಪ ಬಾಯಿ ಬಿಟ್ಟ. ಒಂದೊಂದು ಮಾತಿಗೂ ಉಸಿರು ಹುಡುಕಿಕೊಳ್ಳುತ್ತಿದ್ದ.

"ತಂತಿ ಕಣವ್ವ... ಮೋಟ್ರಿಗೆ ಅಂತ... ಕಂಬದಿಂದ ಕದ್ದು ಎಳ್ದವ್ರಲ್ಲ, ಅದು. ಗರಿಗೆ ತಾಗ್ಕಂಡಿತ್ತು. ಹಿಡ್ಕಂಬಿಟ್ಟೆ."

ಕೋಮಲಾ ತಕ್ಷಣ ಅವನ ಎದೆಗೆ ವೈರು ಅಂಟಿಸಿ ಹೃದಯದ ಬಡಿತ ತೋರಿಸುವ ಪರದೆ ನೋಡಿದಳು. ಕರೆಂಟು ಹೊಡೆದ ಎದೆಯನ್ನು ನಂಬುವಂತಿಲ್ಲ. ಈ ಮಾತು ರಸ್ತೆಯಲ್ಲೇ ಗೊತ್ತಾಗಿದ್ದರೆ ಅಲ್ಲೇ ಅಂಟಿಸುತ್ತಿದ್ದಳು. ಹಲ್ಲು ಕಚ್ಚಿಕೊಂಡಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಕಾಲು ಎಲ್ಲಿದೆ ಅಂತಲೇ ತಿಳಿಯದೆ ಮಲಗಿರುವವನ ಮೇಲೆಯೇ?

ಉಳಿದದ್ದನ್ನು ತೀರ್ಥಮ್ಮ ಹೇಳಿದಳು. ಅವಳು ಬುಡದಲ್ಲಿ ಕಾಯಿ ಆಯುತ್ತಿದ್ದಳು. ಕಣ್ಣೆದುರಿಗೇ ಬಿದ್ದ. ಯಜಮಾನ ಬಂದು ಮೊದಲು ಮಾಡಿಸಿದ್ದು ತಂತಿ ತೆಗೆಯುವ ಕೆಲಸ. ಆಮೇಲೆ ಇವನನ್ನು ಎತ್ತಿ ಟ್ರ್ಯಾಕ್ಟರಿಗೆ ಹಾಕಿಸಿದ. ಬ್ಯಾಡ ಸ್ವಾಮಿ, ನೋವು ಅಂತವ್ನೆ ಎಂದು ಅವಳು ಯಜಮಾನನ ಕಾಲು ಹಿಡಿದಿದ್ದಳಂತೆ. ಅವರ ಗುಡಿಸಲು ನಿಂತಿರುವುದು ಅವನ ತೋಟದ ಅಂಚಿನಲ್ಲಿ. ಬಾಯಿ ಬಿಟ್ಟರೆ ಸಂಜೆಗೆ ಗುಡಿಸಲು ಇರುವುದಿಲ್ಲ ಅಂದನಂತೆ. ತೋಟದಲ್ಲಿ ಬಿದ್ದ ಅಂತ ಗೊತ್ತಾದರೆ ಪೊಲೀಸರು ಬರುತ್ತಾರೆ, ಕರೆಂಟಿನವರು ಬರುತ್ತಾರೆ. ರಸ್ತೆಯಲ್ಲಿ ಬಿದ್ದವನನ್ನು ಯಾರೂ ಕೇಳುವುದಿಲ್ಲ.

"ಆಗ ಕಾಲು ಆಡುಸ್ತಿದ್ದ ಕಣವ್ವ," ಅಂದಳು ತೀರ್ಥಮ್ಮ. "ಮರದ್ ಬುಡದಾಗೆ ಬಿದ್ದಾಗ ಆಡುಸ್ತಿದ್ದ, ನಾನೇ ನೋಡಿವ್ನಿ. ಅಲ್ಲೇ ಹಿಂಗೆ ಹಲಗೆ ಮ್ಯಾಲೆ ಎತ್ತಿದ್ರೆ ಕಾಲು ಉಳೀತಿತ್ತಾ?"

ಕೋಮಲಾ ಆಮ್ಲಜನಕದ ನಳಿಗೆಯನ್ನು ಸರಿಮಾಡುವವಳಂತೆ ಅತ್ತ ತಿರುಗಿದಳು.

ಅಷ್ಟರಲ್ಲಿ ಆಂಬುಲೆನ್ಸಿನ ಸೂಪರ್‌ವೈಸರ್ ಫೋನ್ ಮಾಡಿದ. ರಾಜಶೇಖರ್ ಸಾಹೇಬರು ತುಂಬ ಬೇಜಾರು ಮಾಡಿಕೊಂಡಿದ್ದಾರೆ, ಹೇಳಿದ ಕಡೆಗೆ ಹೋಗು ಅಂದ. ಉಸಿರಾಟ ಕೈಕೊಡುತ್ತಿದೆ, ಶಿವಮೊಗ್ಗದ ದೊಡ್ಡಾಸ್ಪತ್ರೆಗೇ ಹೋಗಬೇಕು, ಆ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಬಿಟ್ಟರೆ ಬೇರೇನಿಲ್ಲ ಎಂದು ಕೋಮಲಾ ಹೇಳಿದಳು.

"ನೀನು ಡಾಕ್ಟ್ರೇನಮ್ಮ? ನಾಳೆಯಿಂದ ಮನೇಲೇ ಕೂತ್ಕೊಂಡು ಡಾಕ್ಟ್ರಿಕೆ ಮಾಡುವಂತೆ," ಎಂದು ಅವನು ಫೋನ್ ಇಟ್ಟ.

ರಸ್ತೆ ಕವಲೊಡೆಯುವ ಜಾಗ ಬಂತು. ಒಂದು ಬೀರೂರಿನ ಮೇಲೆ ಕಡೂರಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಹೇಮಂತ ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವಳ ಹಾಗೆ ಅವನೂ ಗುತ್ತಿಗೆ ನೌಕರನೇ. ತರೀಕೆರೆಯಲ್ಲಿ ಬಾಡಿಗೆ ಮನೆ, ಬಸುರಿ ಹೆಂಡತಿ.

"ಅಕ್ಕ, ನಂಗೂ ಸಂಸಾರ ಐತೆ," ಅಂದ.

"ಗೊತ್ತು ಕಣೋ. ಕಡೂರಿಗ್ ಹೋದ್ರೆ ಇವ್ನು ಉಳಿಯಲ್ಲ."

ಬೋಳಿಮಗಂದ್ ಕೆಲ್ಸ ಎಂದು ಹೇಮಂತ ಸ್ಟೀರಿಂಗಿಗೆ ಗುದ್ದಿದ. ಗಾಡಿ ತರೀಕೆರೆಯ ಕಡೆಗೆ ತಿರುಗಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ದೇವೀರಪ್ಪನ ಹೊಟ್ಟೆಯ ಏರಿಳಿತ ಸಣ್ಣದಾಗುತ್ತ ಬಂತು. ತುಟಿ ನೀಲಿಗಟ್ಟಿತು. ಕೋಮಲಾ ಅಂಬು ಬ್ಯಾಗ್ ತೆಗೆದಳು. ಉಸಿರಾಡಲಾಗದವನಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರಿನ ಚೀಲ ಅದು. ಕತ್ತು ಅಲುಗದಂತೆ ದವಡೆಯನ್ನು ಮುಂದಕ್ಕೆ ತಂದು, ಅದರ ಮುಖವಾಡವನ್ನು ಮೂಗು ಬಾಯಿಯ ಮೇಲೆ ಭದ್ರವಾಗಿ ಹಿಡಿಯಲು ಅವಳ ಎರಡು ಕೈಯೂ ಬೇಕಿತ್ತು. ಚೀಲವನ್ನು ತೀರ್ಥಮ್ಮನ ಕೈಗೆ ಕೊಟ್ಟಳು. ಜೋರಾಗಿ ಹಿಸುಕಬಾರದು, ಎದೆ ಏಳುವಷ್ಟು ಮಾತ್ರ ಒತ್ತಿ ಬಿಡಬೇಕು, ನಾನು ಹೇಳಿದಾಗ ಮತ್ತೆ ಒತ್ತಬೇಕು ಎಂದಳು. ತೀರ್ಥಮ್ಮ ಒತ್ತಿದಳು. ಗಂಡನ ಎದೆ ಏಳುವುದನ್ನು ಕಣ್ಣು ಕೀಳದೆ ನೋಡುತ್ತ, ಹಸುಗೂಸಿಗೆ ಹಾಲು ಹಿಂಡುವವಳ ಹಾಗೆ ಒತ್ತಿದಳು. ತುಟಿಯ ನೀಲಿ ಮೆಲ್ಲಗೆ ತಿಳಿಯಾಯಿತು.

ರಾಜಶೇಖರನ ಬಿಳಿ ಕಾರು ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಬಂತು. ತರೀಕೆರೆ ಇನ್ನೂ ಮುಂದಿರುವಾಗ, ಒಂದು ಬಸ್ ಸ್ಟಾಪಿನ ಹತ್ತಿರ ಮುಂದಕ್ಕೆ ನುಗ್ಗಿ ರಸ್ತೆಗೆ ಅಡ್ಡ ನಿಂತಿತು. ಹೇಮಂತ ಬ್ರೇಕ್ ಹಾಕಿದ. ಕೋಮಲಾಳ ಭುಜ ಕಬ್ಬಿಣದ ಕಂಬಿಗೆ ಬಡಿಯಿತು, ಕೈ ಮಾತ್ರ ಮುಖವಾಡ ಬಿಡಲಿಲ್ಲ.

ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆಯಿತು.

"ಯಾವಳೇ ಈ ಕಡೀಕ್ ತಿರುಗ್ಸು ಅಂದೋಳು? ಕೇರಿ ಸೂಳೆ, ನಿಮ್ಮವ್ವ ನನ್ ತೋಟದಾಗೆ ಗರಿ ಎಳ್ದು ನಿನ್ನ ಸಾಕಿದ್ದು ಮರ್ತೋಯ್ತೇನೇ?"

ರಾಜಶೇಖರ್ ಒಳಗೆ ಬಗ್ಗಿ ಅವಳ ಕೊರಳಿನ ಗುರುತಿನ ಚೀಟಿಯ ಪಟ್ಟಿಗೆ ಕೈ ಹಾಕಿ ಎಳೆದ. ಪಟ್ಟಿ ಕತ್ತಿಗೆ ಬಿಗಿದುಕೊಂಡಿತು. ಬಿಡಿಸಿಕೊಳ್ಳಬೇಕೆಂದರೆ ಕೈ ತೆಗೆಯಬೇಕು, ಕೈ ತೆಗೆದರೆ ದೇವೀರಪ್ಪನ ಉಸಿರು ಹೋಗುತ್ತದೆ. ಅವಳು ಕತ್ತು ಕೊಟ್ಟುಕೊಂಡೇ ಕೂತಳು. ಅವನು ಅವಳ ಅವ್ವನನ್ನು ಬೈದ, ಕೇರಿಯನ್ನು ಬೈದ, ಅವಳಿಗೆ ಕೆಲಸ ಕೊಟ್ಟವರನ್ನೂ ಬೈದ. ಅವಳ ಬಾಯಿಂದ ಬಂದದ್ದು ಒಂದೇ ಮಾತು, ಅದೂ ತೀರ್ಥಮ್ಮನಿಗೆ: ಒತ್ತು. ಬಿಡು. ಒತ್ತು. ಕೊನೆಗೆ ಪಟ್ಟಿಯೇ ಕಿತ್ತು ಅವನ ಕೈಗೆ ಬಂತು.

"ತೀರ್ಥ, ಇಳಿ ಕೆಳೀಕೆ," ಅಂದ ರಾಜಶೇಖರ್. "ಗುಡಿಸ್ಲು ನೆಪ್ಪೈತೆ ತಾನೆ?"

ತೀರ್ಥಮ್ಮ ಚೀಲ ಒತ್ತುತ್ತಲೇ ಕೋಮಲಾಳನ್ನು ನೋಡಿದಳು.

"ಒಂದ್ ಗಳಿಗೆ ನೀನೊಬ್ಳೇ ಒತ್ಕಂತೀಯೇನವ್ವ?"

ಕೋಮಲಾ ಹೂಂ ಅಂದಳು. ಬೇಡ ಅನ್ನಬೇಕಿತ್ತು. ಒಂದು ಕೈಯಲ್ಲಿ ಮುಖವಾಡ ನಿಲ್ಲುವುದಿಲ್ಲ, ಗಾಳಿ ಪಕ್ಕದಿಂದ ಸೋರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೂಂ ಅಂದಳು.

ತೀರ್ಥಮ್ಮ ಇಳಿದಳು. ಹೆಂಗಸು ಮಾತು ಕೇಳಿದಳೆಂದು ರಾಜಶೇಖರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಎರಡೂ ಕೈಯಲ್ಲಿ ಅವನ ಅಂಗಿಯ ಕಾಲರ್ ಹಿಡಿದಳು. ಆಂಬುಲೆನ್ಸಿನ ಹಿಂದೆ ಒಂದು ಲಗೇಜ್ ಆಟೋ ಬಂದು ನಿಂತಿತ್ತು. ಈರುಳ್ಳಿ ಕಿತ್ತು ವಾಪಸು ಹೊರಟಿದ್ದ ಕೂಲಿ ಹೆಂಗಸರು ಅದರ ತುಂಬ ಇದ್ದರು. ತೀರ್ಥಮ್ಮ ಅವರ ಕಡೆ ತಿರುಗಿದಳು.

"ನೋಡ್ರವ್ವ, ನನ್ ಗಂಡ ಬೈಕಿಂದ ಬಿದ್ದಿಲ್ಲ. ಇವ್ನ್ ತೋಟದ್ ಮರದಾಗೆ, ಇವ್ನು ಕದ್ದ ಕರೆಂಟ್ ಹೊಡ್ದು ಬಿದ್ದ. ಬಿದ್ದೋನ್ನ ಸತ್ ನಾಯಿ ಎಳ್ದಂಗೆ ಎಳ್ಕಂಬಂದು ರೋಡಿಗ್ ಹಾಕ್ದ ಈ ಸೂಳೇಮಗ. ಈಗ ಆಸ್ಪತ್ರೆಗೂ ಬಿಡ್ತಿಲ್ಲ."

ರಾಜಶೇಖರ್ ಅವಳ ಕೆನ್ನೆಗೆ ಹೊಡೆದ. ಅವಳು ಬಿಡಲಿಲ್ಲ. ಮತ್ತೆ ಹೊಡೆದ. ತುಟಿ ಒಡೆದು ರಕ್ತ ಬಂತು, ಹಿಡಿತ ಸಡಿಲಲಿಲ್ಲ. ಲಗೇಜ್ ಆಟೋದಿಂದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಯಾರೂ ಕೂಗಾಡಲಿಲ್ಲ. ಕೆಲವರು ಕಾರಿನ ಸುತ್ತ ಹೋಗಿ ನಿಂತು ಗಾಜಿನ ಮೇಲೆ ಅಂಗೈಯಿಂದ ಬಡಿಯತೊಡಗಿದರು. ಒಳಗೆ ಕೂತಿದ್ದ ಆಳು ಈ ಸಲ ಯಜಮಾನನ ಮುಖ ನೋಡಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದ.

ಆಂಬುಲೆನ್ಸಿನೊಳಗೆ ಕೋಮಲಾಳ ಬೆರಳು ಜಾರುತ್ತಿತ್ತು. ದೇವೀರಪ್ಪನ ತುಟಿ ಮತ್ತೆ ನೀಲಿಯಾಗಿತ್ತು. ಒಬ್ಬ ವಯಸ್ಸಾದ ಹೆಂಗಸು ಒಳಗೆ ಹತ್ತಿದಳು. ಮಣಿಕಟ್ಟಿನವರೆಗೆ ಕರಿಮಣ್ಣು, ಮೈಯೆಲ್ಲ ಹಸಿ ಈರುಳ್ಳಿಯ ಘಾಟು.

"ಏನ್ ಮಾಡ್ಬೇಕು ಹೇಳ್ ಮಗ," ಅಂದಳು.

ಚೀಲ ತೋರಿಸಿ ಕೋಮಲಾ ಹೇಳಿಕೊಟ್ಟಳು. ಹೇಮಂತ ಗಾಡಿ ಬಿಟ್ಟ. ತೀರ್ಥಮ್ಮನನ್ನು ಹತ್ತಿಸಿಕೊಳ್ಳುವುದಕ್ಕೆ ಹೊತ್ತಿರಲಿಲ್ಲ. ಕರೆದಿದ್ದರೂ ಅವಳು ಬರುತ್ತಿರಲಿಲ್ಲ. ಹಿಂದಿನ ಗಾಜಿನಲ್ಲಿ ಅವಳು ರಸ್ತೆಯ ನಡುವೆ ಕಾಣುತ್ತಿದ್ದಳು. ರಾಜಶೇಖರ್ ಅವಳ ಬೆನ್ನಿಗೆ ಗುದ್ದುತ್ತಿದ್ದ. ಅವಳು ಕಾಲರ್ ಹಿಡಿದೇ ಇದ್ದಳು. ಹೆಂಗಸರು ಇಬ್ಬರನ್ನೂ ಸುತ್ತುವರಿದರು, ಆಮೇಲೆ ಅವರ ಬೆನ್ನುಗಳಷ್ಟೇ ಕಂಡವು, ಆಮೇಲೆ ತಿರುವು ಬಂತು.

ದೇವೀರಪ್ಪನ ಕಣ್ಣು ತೆರೆದಿತ್ತು. ಅದು ಗಾಡಿಯೊಳಗೆಲ್ಲ ಹೆಂಡತಿಯನ್ನು ಹುಡುಕಿತು. ಮಾತಾಡುವುದಕ್ಕೆ ಅವನಲ್ಲಿ ಗಾಳಿ ಇರಲಿಲ್ಲ.

"ಒತ್ತಜ್ಜಿ," ಅಂದಳು ಕೋಮಲಾ.

ಅಜ್ಜಿ ಒತ್ತಿದಾಗ ಎದೆ ಏಳುತ್ತಿತ್ತು. ಬಿಟ್ಟಾಗ ಇಳಿಯುತ್ತಿತ್ತು. ತಾನಾಗಿ ಏಳುತ್ತಿರಲಿಲ್ಲ. ಶಿವಮೊಗ್ಗ ಇನ್ನೂ ದೂರವಿತ್ತು.