ಆವಿಗೆ ಮನೆಯ ಮುಯ್ಯಾಳು

ಅಂದು ಬೆಳಿಗ್ಗೆ ಸೂರ್ಯ ಹುಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಟ್ಟದ ಕಾಡಿಗೆ ಬಿದ್ದ ಬೆಂಕಿಯ ಹೊಗೆ ಕಣಿವೆಗೆ ಇಳಿದು ಲಂಪಾಂಗ್ ಊರಿನ ಮೇಲೆ ಮಾಸಲು ಕಂಬಳಿಯಂತೆ ಮಲಗಿತ್ತು. ಹೊತ್ತು ಏರಿದ ಮೇಲೆ ಆಕಾಶದಲ್ಲಿ ಒಂದು ಕೆಂಪು ಬಿಲ್ಲೆ ಕಾಣಿಸಿತು, ಕಣ್ಣು ಕಿರಿದು ಮಾಡದೆ ನೋಡಬಹುದಾದಷ್ಟು ಸೌಮ್ಯವಾಗಿ. ಬುವಾಲೈ ಸೈಕಲ್ಲಿನಿಂದಿಳಿದು, ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಬಟ್ಟಲು ಕಾರ್ಖಾನೆಯ ಅಂಗಳದ ಮೂಲೆಯಲ್ಲಿದ್ದ ಭೂತದ ಗುಡಿಗೆ ಕೈಮುಗಿದಳು. ಬೇಡಿಕೊಂಡದ್ದು ಒಂದೇ: ಇವತ್ತು ನನ್ನ ಬಾಯಿಗೆ ಮಾತು ಕೊಡಪ್ಪಾ.

ಮಾತು ಆಡುವವಳಲ್ಲ ಅವಳು. ಇಪ್ಪತ್ತು ವರ್ಷದಿಂದ ಇದೇ ಚಪ್ಪರದಡಿ ಕೂತು ಹುಂಜದ ಚಿತ್ರ ಬರೆಯುತ್ತಿದ್ದಳು. ಬಟ್ಟಲಿನ ಮೇಲಿನ ಹುಂಜ ಒಬ್ಬರ ಕೈಯಿಂದ ಹುಟ್ಟುವುದಲ್ಲ. ಒಬ್ಬರು ಕೆಂಪು ಮೈ ಬರೆದು ಮುಂದಕ್ಕೆ ಸರಿಸುತ್ತಾರೆ, ಇನ್ನೊಬ್ಬರು ಕಪ್ಪು ಬಾಲ ಎಳೆಯುತ್ತಾರೆ, ಮತ್ತೊಬ್ಬರು ಹೂವು ಅರಳಿಸುತ್ತಾರೆ, ಕೊನೆಯವರು ಎಲೆ ಹುಲ್ಲು ಬರೆದು ಹಲಗೆಯ ಮೇಲಿಡುತ್ತಾರೆ. ಬಾಲ ಬರೆಯುತ್ತಿದ್ದ ಹುಡುಗಿ ಚಿಯಾಂಗ್‌ಮಾಯ್‌ನ ಹೋಟೆಲಿಗೆ ಕೆಲಸಕ್ಕೆ ಹೋದ ಮೇಲೆ ಅವಳ ಜಾಗ ಹಾಗೇ ಖಾಲಿ ಉಳಿದಿತ್ತು. ಈಗ ಮೈಯೂ ಬುವಾಲೈಯದೇ, ಬಾಲವೂ ಅವಳದೇ.

ಒಳಗೆ ಧಣಿ ಮಾನೊತ್ ಆಗಲೇ ಎಲ್ಲರನ್ನೂ ಕರೆದು ನಿಲ್ಲಿಸಿದ್ದ.

"ಈ ವರ್ಷವೂ ಸಂಬಳ ಹೋದ ವರ್ಷದ್ದೇ," ಎಂದ. "ಬಿಟ್ಟು ಹೋದೋರ ಜಾಗಕ್ಕೆ ಹೊಸಬರನ್ನ ತಗೊಳ್ಳಲ್ಲ. ಇರೋರು ಇದ್ದೀವಿ. ಹೊಸವರ್ಷದ ನೀರ ಹಬ್ಬದೊಳಗೆ ಬ್ಯಾಂಕಾಕಿನವರ ಮಾಲು ಹೋಗ್ಲೇಬೇಕು. ಅದು ಹೋದ್ರೆ ಮುಂದಿಂದು ನೋಡೋಣ."

"ಮೂರು ವರ್ಷ ಆಯ್ತಲ್ಲ ಧಣಿ," ಎಂದಳು ಹೂವು ಬರೆಯುವ ಕಮ್ಮೂನ್. "ಸಂಬಳ ನಿಂತಲ್ಲೇ ನಿಂತಿದೆ, ನನ್ನ ಸೊಂಟ ಮಾತ್ರ ಬೆಳೀತಾನೇ ಇದೆ. ಅದಕ್ಕೂ ಒಂದು ಆಜ್ಞೆ ಮಾಡಿ, ಪುಣ್ಯ ಬರತ್ತೆ."

ಎಲ್ಲರೂ ನಕ್ಕರು. ಮಾನೊತ್‌ನೂ ನಕ್ಕ. ಅವನೇ ತನ್ನ ವ್ಯಾನು ಮಾರಿ ತಮ್ಮನ ಹಳೆಯ ಮೋಟರ್‌ಬೈಕಿನಲ್ಲಿ ಬರುತ್ತಿದ್ದ. ಆದ್ದರಿಂದ ಮನಸಾರೆ ಬಯ್ಯುವ ಸುಖವೂ ಆ ಚಪ್ಪರದವರಿಗೆ ಇರಲಿಲ್ಲ.

ಜನ ಚದುರಿದ ಮೇಲೆ ಬುವಾಲೈ ಅವನ ಹಿಂದೆ ಹೋದಳು.

"ಧಣಿ... ನಮ್ಮ ಇನ್‌ತಾ ವಿಷಯ."

ಇನ್‌ತಾ ಅವಳ ಒಬ್ಬನೇ ಮಗ. ಚಿತ್ರ ಬರೆದ ಬಟ್ಟಲುಗಳನ್ನು ಹೊಳಪಿನ ದ್ರವದಲ್ಲಿ ಅದ್ದಿ, ಅವನ್ನು ಸುಡುವ ಆವಿಗೆಯೊಳಗೆ ಜೋಡಿಸಿ, ಉರಿ ಕಾಯುವ ಕೆಲಸ ಅವನದು. ಅವನಿಗೆ ಇಪ್ಪತ್ತೊಂದು ತುಂಬಿತ್ತು. ಕಾವಿ ಉಟ್ಟು ಅರ್ಧ ತಿಂಗಳಾದರೂ ಮಠದಲ್ಲಿದ್ದು ಬರಬೇಕಾದ ವಯಸ್ಸು. ಮಗನ ಕಾವಿಯ ಸೆರಗು ಹಿಡಿದು ಹಡೆದವಳು ಸ್ವರ್ಗಕ್ಕೆ ಹೋಗುತ್ತಾಳೆ ಎಂಬುದು ಆ ಸೀಮೆಯ ನಂಬಿಕೆ. ಬುವಾಲೈಗೆ ತನ್ನ ಸ್ವರ್ಗದ ಅವಸರವಿರಲಿಲ್ಲ. ಮನೆಯಲ್ಲಿ ಮಲಗಿದ್ದ ಅವಳ ತಾಯಿಗೆ ಇತ್ತು. ಮುದುಕಿಗೆ ಗಂಡು ಮಕ್ಕಳಿರಲಿಲ್ಲ. ಕಣ್ಣು ಹೋಗಿತ್ತು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಮ್ಮಗನ ಕಾವಿ ಒಮ್ಮೆ ಮುಟ್ಟಿದರೆ ಸಾಕು ಎಂದು ದಿನವೂ ಕೇಳುತ್ತಿದ್ದಳು. ಮಠದ ಗುರುಗಳು ಮುಂದಿನ ಭಾನುವಾರ ಎಂದು ದಿನ ನೋಡಿ ಹೇಳಿದ್ದರು.

ಅವಳು ಹೇಳಿದ್ದನ್ನೆಲ್ಲ ಮಾನೊತ್ ಕೇಳಿಸಿಕೊಂಡ.

"ಬೇಡ ಅಂದ್ರೆ ನರಕಕ್ಕೆ ಹೋಗ್ತೀನಿ ಬುವಾಲೈ. ಆ ಮಾತು ನನ್ನ ಬಾಯಲ್ಲಿ ಬರಲ್ಲ," ಎಂದ. "ಆದ್ರೆ ಆವಿಗೆ ಆರಬಾರದು. ಇನ್ನೊಬ್ಬನ್ನ ತರಬೇಕಾಗತ್ತೆ. ಬಂದವನು ಅರ್ಧ ತಿಂಗಳಿಗೆ ಅಂತ ಬರ್ತಾನಾ? ಆವಿಗೆಗೆ ಇಬ್ಬರಿಗೆ ಸಂಬಳ ಕೊಡೋ ಶಕ್ತಿ ನನಗಿಲ್ಲ. ಅವನು ಬಂದ ಅಂದ್ರೆ ಇನ್‌ತಾಗೆ ಜಾಗ ಇರಲ್ಲ. ನೀನೇ ಯೋಚನೆ ಮಾಡು."

ಊರಿನಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆಗಳೇ ಹೆಚ್ಚಾಗಿದ್ದವು. ಇಲ್ಲಿಂದ ಬಿಟ್ಟರೆ ಹುಡುಗ ದಕ್ಷಿಣದ ಮೀನಿನ ದೋಣಿಗೋ ಕೊರಿಯಾಕ್ಕೋ ಹೋಗಬೇಕು. ಬುವಾಲೈ ಕೈಮುಗಿದು ಹಿಂದಿರುಗಿ ತನ್ನ ಮಣೆಯ ಮೇಲೆ ಕೂತು ಕುಂಚ ಹಿಡಿದಳು.

ಮಧ್ಯಾಹ್ನ ಎಲ್ಲರೂ ಬಿದಿರಿನ ಬುಟ್ಟಿ ತೆರೆದು ಅಂಟು ಅನ್ನ ಉಂಡೆ ಕಟ್ಟುತ್ತಿದ್ದಾಗ ಕಮ್ಮೂನ್ ಅವಳ ಹತ್ತಿರ ಸರಿದಳು. ಮೊದಲು ಹಂದಿ ಮಾಂಸ ಇರುತ್ತಿದ್ದ ಜಾಗದಲ್ಲಿ ಈಗ ಎಲ್ಲರ ಬುಟ್ಟಿಯಲ್ಲೂ ಸುಟ್ಟ ಹಸಿಮೆಣಸಿನ ಚಟ್ನಿ.

"ಏನೇ, ಹುಂಜಕ್ಕೆಲ್ಲ ಇವತ್ತು ಸತ್ತ ಕಣ್ಣು ಇಟ್ಟಿದ್ದೀಯ. ಧಣಿ ಏನಂದ?"

ಬುವಾಲೈ ಹೇಳಿದಳು. ಹೇಳುವಾಗ ಅನ್ನದ ಉಂಡೆ ಕೈಯಲ್ಲೇ ಉಳಿಯಿತು.

"ಅಷ್ಟೇನಾ?" ಎಂದಳು ಕಮ್ಮೂನ್. "ನಾಟಿ ಹೊತ್ತಿಗೆ ಮುಯ್ಯಾಳು ಹೋಗಲ್ವಾ ನಾವು? ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಆವಿಗೇನೂ ಒಂದು ಗದ್ದೆ ಅಂತ ತಿಳ್ಕೊ. ದಿನಕ್ಕೊಬ್ಬರು ಬೆಳಗಿನ ಜಾವ ಬಂದು ಜೋಡಿಸ್ತೀವಿ. ಹಾಗೆ ಹೋದವಳ ಕುಂಚ ಉಳಿದೋರು ಹಿಡೀತೀವಿ."

ಎಲೆ ಬರೆಯುವ ಅಕ್ಕತಂಗಿಯರು ತಲೆಯಾಡಿಸಿದರು.

"ಬೇಡ ಅಕ್ಕ. ನಿನ್ನ ಮಂಡಿ..." ಎಂದಳು ಬುವಾಲೈ.

"ನನ್ನ ಮಂಡಿ ವಿಷಯ ನನ್ನ ಗಂಡನೇ ಕೇಳಲ್ಲ, ನಿನಗ್ಯಾಕೆ?" ಕಮ್ಮೂನ್ ಬೆರಳು ನೆಕ್ಕಿಕೊಂಡಳು. ಆಮೇಲೆ ಅವಳ ದನಿ ತಗ್ಗಿತು. "ನನಗೆ ಹೆದರಿಕೆ ಇರೋದು ಬೇರೆ ಕಡೆ. ನಾವು ಕೆಟ್ಟದಾಗಿ ಮಾಡಿದ್ರೆ ಆವಿಗೆ ಹಾಳು. ಚೆನ್ನಾಗಿ ಮಾಡಿಬಿಟ್ರೆ ಅವನಿಲ್ಲದೇನೂ ನಡೀತಲ್ಲ ಅಂತಾನೆ ಧಣಿ. ಆಗ ಹುಡುಗನ ಜಾಗ ನಾವೇ ತಿಂದಂಗೆ."

ಹೇಳಿದವಳೇ ಎದ್ದು ಕೈ ತೊಳೆಯಲು ಹೋದಳು. "ಅದು ಬಂದಾಗ ನೋಡೋಣ, ಮೊದಲು ತಲೆ ಬೋಳಿಸ್ಲಿ," ಎಂದು ಅಲ್ಲಿಂದಲೇ ಕೂಗಿದಳು. ಸಂಜೆ ಅವಳೇ ಹೋಗಿ ಧಣಿಗೆ ಹೇಳಿದಳು; ಉರಿ ಆರದಿದ್ದರೆ ಸಾಕು ಎಂದ ಅವನು.

ಭಾನುವಾರ ಮಠದ ಅಂಗಳದಲ್ಲಿ ಇನ್‌ತಾನ ಕೂದಲನ್ನು ಬಂಧುಗಳು ಒಂದೊಂದು ಎಳೆ ಕತ್ತರಿಸಿ ತಾವರೆ ಎಲೆಯ ಮೇಲಿಟ್ಟರು. ಹುಬ್ಬೂ ಹೋದ ಮೇಲೆ ಹುಡುಗನ ಮುಖ ಆಗಷ್ಟೇ ತೊಳೆದಿಟ್ಟ ಬಟ್ಟಲಿನ ಹಾಗೆ ಕಂಡಿತು. ಅಜ್ಜಿಯನ್ನು ಚಾಪೆ ಸಮೇತ ಎತ್ತಿ ತಂದಿದ್ದರು. ಕಾವಿ ಉಟ್ಟು ಬಂದು ಎದುರು ಕೂತವನ ಸೆರಗನ್ನು ಮುದುಕಿ ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದಳು.

"ಇದು ನಮ್ಮ ಹುಡುಗನೇನಾ?" ಎಂದಳು. "ಆವಿಗೆ ವಾಸನೆಯೇ ಇಲ್ಲವಲ್ಲೇ."

"ಅವನೇ ಅಮ್ಮ."

"ಹಾಗಾದ್ರೆ ಸರಿ," ಎಂದು ಮುದುಕಿ ಸೆರಗು ಬಿಡದೆ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿತ್ತು. ಮಂತ್ರ ಮುಗಿದರೂ ಯಾರೂ ಅದನ್ನು ಬಿಡಿಸಲು ಹೋಗಲಿಲ್ಲ. ಹೊಸ ಭಿಕ್ಷು ಅಲುಗಾಡದೆ ಕೂತೇ ಇದ್ದ.

ಮರುದಿನದಿಂದ ಮುಯ್ಯಾಳು ಶುರುವಾಯಿತು. ಮೊದಲ ದಿನ ಬುವಾಲೈ, ಆಮೇಲೆ ಕಮ್ಮೂನ್, ಆಮೇಲೆ ಅಕ್ಕತಂಗಿಯರು. ಕೋಳಿ ಕೂಗುವ ಹೊತ್ತಿಗೆ ಹೊಗೆಯಲ್ಲಿ ಸೈಕಲ್ಲಿನ ದೀಪ ಮಾತ್ರ ತೂಗುತ್ತ ಬರುತ್ತಿತ್ತು. ಬಟ್ಟಲು ಹೊತ್ತ ಹಲಗೆಯನ್ನು ಹೆಗಲಿಗೇರಿಸಿ ಅಲುಗದಂತೆ ನಡೆಯುವುದು ಇನ್‌ತಾನಿಗೆ ನೀರು ಕುಡಿದಷ್ಟು ಸಲೀಸು. ಇವರಿಗೆ ಮಾತ್ರ ಪ್ರತಿ ಹೆಜ್ಜೆಯೂ ಕೆರೆಯ ಪಾಚಿಯ ಮೇಲೆ ಇಟ್ಟಂತೆ. ಕಮ್ಮೂನ್ ಹಲಗೆ ಹೊತ್ತಾಗ, "ಬುದ್ಧ, ಧರ್ಮ, ಸಂಘ, ಮಂಡಿ," ಎಂದು ನಾಲ್ಕನ್ನೂ ಒಟ್ಟಿಗೆ ಜಪಿಸುತ್ತಿದ್ದಳು. ಬಿಸಿಲಿಗಿಂತ ಹೆಚ್ಚು ಸುಡುವ ಆವಿಗೆಯ ಬಾಯಿಂದ ಬಂದು ಮತ್ತೆ ಕುಂಚ ಹಿಡಿದರೆ ಗೆರೆ ಅಂಕುಡೊಂಕಾಗುತ್ತಿತ್ತು. ಆದರೂ ಉರಿ ಆರಲಿಲ್ಲ. ಮಾಲು ಕೂಡುತ್ತ ಹೋಯಿತು.

ಎರಡನೆಯ ವಾರದಲ್ಲಿ ಎಡವಟ್ಟಾಯಿತು. ಬುವಾಲೈಯ ಸರದಿಯ ದಿನ. ಅವಳು ಆವಿಗೆಯ ಹತ್ತಿರ ಇದ್ದಾಗ ಹುಂಜದ ಮೈಯನ್ನು ಎಲೆ ಬರೆಯುವವರಲ್ಲಿ ತಂಗಿ ಬರೆದಳು. ಬಾಲವನ್ನು ಕಮ್ಮೂನ್ ಬರೆಯುತ್ತಾಳೆಂದು ಮುಂದೆ ಸರಿಸಿದಳು. ಅದು ತಂಗಿಯದೇ ಕೆಲಸವೆಂದುಕೊಂಡ ಕಮ್ಮೂನ್ ಹೂವಷ್ಟೇ ಬರೆದು ಮುಂದಕ್ಕೆ ಕೊಟ್ಟಳು. ಮರುದಿನ ನಸುಕಿನ ಕತ್ತಲಲ್ಲಿ ಅವನ್ನು ಅದ್ದಿದವರಿಗೂ ಅದು ಕಾಣಲಿಲ್ಲ. ಹೊಳಪಿನ ದ್ರವದಲ್ಲಿ ಅದ್ದಿದ ಮೇಲೆ ಬಟ್ಟಲು ಸುಣ್ಣ ಬಳಿದ ಗೋಡೆಯಂತಾಗುತ್ತದೆ, ಒಳಗಿನ ಚಿತ್ರ ಬೆಂಕಿ ಕಂಡ ಮೇಲೇ ಮತ್ತೆ ತೋರುವುದು. ಹೀಗಾಗಿ ಆವಿಗೆ ತೆರೆದ ದಿನ ಒಂದು ಹಲಗೆ ತುಂಬ ಬಾಲವಿಲ್ಲದ ಹುಂಜಗಳು ಎದೆಯುಬ್ಬಿಸಿಕೊಂಡು ಹೊರಬಂದವು.

ಮಾನೊತ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಇದೇನು ಹುಂಜವೋ ಬಾತುಕೋಳಿಯೋ?"

"ಬಾಲ ಕೂಡ ಈ ವರ್ಷ ಹೊಸದಾಗಿ ತಗೊಳ್ಳಲ್ಲ ಅಂದ್ರಲ್ಲ ಧಣಿ," ಎಂದಳು ಕಮ್ಮೂನ್. ಈ ಸಲ ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಮಾನೊತ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬಟ್ಟಲನ್ನು ತಿರುಗಿಸುತ್ತ, ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ, "ಒಂದು ಹಲಗೆ ಹೋಯ್ತು. ಹೋಗ್ಲಿ. ಆದ್ರೂ ಇಷ್ಟು ದಿನ ಉರಿ ನಿಲ್ಲಲಿಲ್ಲ," ಎಂದ. "ಒಬ್ಬ ಕಡಿಮೆಯಿದ್ರೂ ನಡೆದುಹೋಯ್ತಲ್ಲ. ಒಬ್ಬನ ಸಂಬಳದ ಮುಂದೆ ಒಂದು ಹಲಗೆ ಬಟ್ಟಲು ಎಷ್ಟಾದೀತು..."

ಚಪ್ಪರದಡಿ ಕುಂಚಗಳು ನಿಂತವು. ಕಮ್ಮೂನ್ ಬುವಾಲೈಯ ಮುಖ ನೋಡಿದಳು. ಬುವಾಲೈ ತನ್ನ ಕುಂಚವನ್ನು ನೀರಿನಲ್ಲಿ ಅದ್ದಿ, ಒರೆಸಿ, ಮಣೆಯ ಮೇಲಿಟ್ಟಳು. ಎದ್ದು ನಿಂತಾಗ ಮಾತು ತಾನಾಗಿ ಬಂತು, ಬೇಡಿಕೊಂಡ ದಿನ ಬಾರದಿದ್ದುದು.

"ಧಣಿ, ನಿಮ್ಮ ಅಪ್ಪ ಬಟ್ಟಲು ಮಾಡ್ತಿದ್ರು. ನಿಮ್ಮ ಅಮ್ಮ ನಮ್ಮೂರ ಗದ್ದೆಯವರು."

"ಹೌದು. ಅದಕ್ಕೇನೀಗ?"

"ಅವರ ಗದ್ದೆಗೆ ಮುಯ್ಯಾಳು ಬಂದು ನಾಟಿ ಮಾಡಿದಾಗ ಬೆಳೆ ಯಾರದ್ದು?"

"ಅಮ್ಮಂದು. ಇನ್ಯಾರದ್ದು?"

"ಅವರಿಲ್ಲದೇನೂ ನಾಟಿ ಆಯ್ತಲ್ಲ ಅಂತ ಗದ್ದೆ ಯಾರಾದ್ರೂ ಕಿತ್ಕೊಂಡ್ರಾ?"

ಮಾನೊತ್ ಬಟ್ಟಲಿಗೆ ಮೆತ್ತಿದ್ದ ಬೂದಿಯನ್ನು ಬೆರಳಲ್ಲಿ ಒರೆಸತೊಡಗಿದ.

"ಈ ದಿನಗಳನ್ನ ಇವರು ನಿಮಗೆ ಕೊಟ್ಟಿದ್ದಲ್ಲ. ಇನ್‌ತಾಗೆ ಕೊಟ್ಟಿದ್ದು. ಅವನು ತೀರಿಸ್ಬೇಕು. ಜಾಗ ಇಲ್ಲ ಅಂತ ಅವನು ದೋಣಿ ಹತ್ತಿ ಹೊರಟುಹೋದ್ರೆ ಕಮ್ಮೂನ್ ಅಕ್ಕನ ಮುಯ್ಯಿ ಯಾರು ತೀರಿಸ್ತಾರೆ? ಕಾವಿ ಉಟ್ಟ ಪುಣ್ಯಕ್ಕೆ ಈ ಬಾಕಿ ಅಂಟಿಕೊಳ್ಳಲ್ವಾ ಧಣಿ?"

ಇಷ್ಟು ಹೇಳಿ ಅವಳು ಮತ್ತೆ ಕುಂಚ ಕೈಗೆತ್ತಿಕೊಂಡು ಕೂತಳು. ಅಂಗಳದಲ್ಲಿ ಒಂದು ನಾಯಿ ಎದ್ದು ಮೈ ಕೊಡವಿ ನೆರಳು ಬದಲಿಸಿತು. ಮಾನೊತ್ ಬಟ್ಟಲನ್ನು ಹಲಗೆಯ ಮೇಲಿಟ್ಟು, ಬೂದಿ ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಮ್ಮಮ್ಮ ಸಾಯೋ ಮುಂಚೆ ಮನೆ ವಿಷಯ ಹೇಳ್ಲಿಲ್ಲ, ಚಿನ್ನದ ವಿಷಯ ಹೇಳ್ಲಿಲ್ಲ," ಎಂದ ಕೊನೆಗೆ. "ಕೆರೆ ಕೆಳಗಿನವರಿಗೆ ನಾಟಿದು ಒಂದು ದಿನ ಬಾಕಿ ಇದೆ, ಹೋಗಿ ಬಾ ಅಂದಳು."

"ಹೋದ್ರಾ?" ಕಮ್ಮೂನ್ ಕೇಳಿದಳು.

"ಹೋದೆ. ನಾನು ನೆಟ್ಟ ಸಸಿಯೆಲ್ಲ ನೀರಲ್ಲಿ ತೇಲ್ತಿತ್ತು. ಊರಿಗೆ ಊರೇ ನಕ್ಕಿತು."

"ಅಂತೂ ಹೋದ್ರಲ್ಲ ಬಿಡಿ."

ಅವನು ಎರಡು ಹೆಜ್ಜೆ ಹೋಗಿ ನಿಂತ. "ಹುಡುಗ ಯಾವತ್ತು ಬರ್ತಾನೆ?"

"ಹಬ್ಬದ ಮಾರನೇ ದಿನ," ಎಂದಳು ಬುವಾಲೈ.

"ಬರ್ಲಿ. ಸಂಬಳ ಮಾತ್ರ ಹಳೇದೇ, ಮೊದಲೇ ಹೇಳಿದೀನಿ."

ಮಾಲು ಹಬ್ಬಕ್ಕೆ ಮುಂಚೆ ಹೋಯಿತು. ಹಬ್ಬದ ನೀರು ಎರಚಾಡಿ ಮುಗಿದ ಮರುದಿನ ಇನ್‌ತಾ ಕಾವಿ ಬಿಟ್ಟು, ಬೋಳುತಲೆಗೆ ಟವೆಲ್ ಸುತ್ತಿಕೊಂಡು ಆವಿಗೆಗೆ ಹಿಂದಿರುಗಿದ. ಹುಬ್ಬಿನ ಜಾಗದಲ್ಲಿ ಇದ್ದಿಲಿನ ಗೆರೆ ಎಳೆಯುತ್ತೇನೆಂದು ಕಮ್ಮೂನ್ ಕುಂಚ ಹಿಡಿದು ಓಡಿಸಿಕೊಂಡು ಹೋದಳು. ಅಜ್ಜಿ ಇನ್ನೂ ಇದ್ದಳು. ಸಂಜೆ ಮೊಮ್ಮಗ ಬಂದು ಪಕ್ಕದಲ್ಲಿ ಕೂತರೆ ಮೂಸಿ ನೋಡಿ, ಮತ್ತೆ ಹೊಗೆ ಹತ್ತಿತು ಎಂದು ಗೊಣಗುತ್ತಿದ್ದಳು. ಸಂಬಳ ಏರಲಿಲ್ಲ. ಬಾಲ ಬರೆಯುವ ಮಣೆಗೆ ಯಾರೂ ಬರಲಿಲ್ಲ.

ಒಂದು ಮಳೆ ಬಿದ್ದು ಹೊಗೆಯೆಲ್ಲ ತೊಳೆದುಹೋದ ಮೇಲೆ, ಒಂದು ಮುಂಜಾನೆ ಬುವಾಲೈ ಏಳುವಷ್ಟರಲ್ಲಿ ಮಗನ ಹಾಸಿಗೆ ಮಡಿಚಿಟ್ಟಿತ್ತು. ಆವಿಗೆ ತುಂಬಲು ಇನ್ನೂ ಹೊತ್ತಿತ್ತು. ಅವಳು ಅನ್ನ ಬೇಯಲಿಟ್ಟು, ತಾಯಿಯ ಮೈ ಒರೆಸಿ, ಸೈಕಲ್ ಹತ್ತಿದಳು. ಕಮ್ಮೂನ್‌ಳ ಮನೆಯ ತಿರುವಿನಲ್ಲಿ ಏನೋ ಕಂಡು ಕಾಲು ಊರಿದಳು.

ಗದ್ದೆ ಕೊಯ್ದ ಮೇಲೆ ಕಮ್ಮೂನ್ ಹಾಕಿದ್ದ ನೆಲಗಡಲೆಯ ಸಾಲಿನಲ್ಲಿ ಇನ್‌ತಾ ಕುಕ್ಕರಗಾಲಿನಲ್ಲಿ ಕೂತಿದ್ದ. ಬುಡ ಹಿಡಿದು ಎಳೆಯುತ್ತಿದ್ದ, ಮಣ್ಣು ಕೊಡವುತ್ತಿದ್ದ, ಗಿಡವನ್ನು ಪಕ್ಕಕ್ಕೆ ಮಲಗಿಸಿ ಮುಂದೆ ಸರಿಯುತ್ತಿದ್ದ. ಎಳೆ ಕೂದಲು ಮೂಡಿದ ತಲೆಯ ಮೇಲೆ ಇಬ್ಬನಿ ಕೂತಿತ್ತು. ಮನೆಯ ಬಾಗಿಲು ಇನ್ನೂ ಮುಚ್ಚಿತ್ತು. ಅಡಿಗೆಮನೆಯ ಸಂದಿಯಲ್ಲಿ ಮಾತ್ರ ಬೆಳಕು ಅಲುಗಿತು, ಒಳಗೆ ಯಾರೋ ಇನ್ನೊಂದು ಹಿಡಿ ಅಕ್ಕಿ ತೊಳೆಯುವ ಸದ್ದು ಕೇಳಿತು.

ಬುವಾಲೈಗೆ ಇಳಿದು ಒಂದು ಸಾಲು ಹಿಡಿಯಬೇಕೆನ್ನಿಸಿತು. ಲುಂಗಿಯ ಅಂಚನ್ನು ಮೇಲೆತ್ತಿ ಸಿಕ್ಕಿಸಿಯೂ ಆಗಿತ್ತು. ಆಮೇಲೆ, ಈ ಮುಯ್ಯಿ ಅವನದು ಎಂದುಕೊಂಡು, ಮತ್ತೆ ಇಳಿಬಿಟ್ಟಳು. ಸರಪಳಿ ಸದ್ದಾಗದಂತೆ ಸೈಕಲ್ಲನ್ನು ಕೈಯಲ್ಲೇ ತಳ್ಳಿಕೊಂಡು ಆ ಗದ್ದೆಯ ಅಂಚು ದಾಟಿದಳು. ಹಿಂದೆ ಗಿಡಗಳು ಒಂದೊಂದಾಗಿ ನೆಲ ಬಿಡುತ್ತಿದ್ದವು.