ನಿಂತವರ ಲೆಕ್ಕ

ಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ಹಾಲು ಕಾಯಲಿಟ್ಟೆ. ಉಕ್ಕುವ ಮೊದಲೇ ಒಲೆ ಆರಿಸಿದೆ. ಕೈಗೆ ಎಲ್ಲ ನೆನಪಿತ್ತು.

ಆಗಲೇ ಓದುಗರ ಸಂಘದ ಅಧ್ಯಕ್ಷರು ಬಾಗಿಲು ತಟ್ಟಿದರು. ಹಿಂದೆ ಖಜಾಂಚಿ. ತೀರಿಹೋದ ನನ್ನ ಗಂಡ ಆ ಸಂಘದ ಕಾರ್ಯದರ್ಶಿಯಾಗಿದ್ದ. ತಿಂಗಳಿಗೊಂದು ಭಾಷಣ ಏರ್ಪಡಿಸುವುದು, ಮರುದಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಅದು ಯಶಸ್ವಿಯಾಯಿತೇ ಎಂದು ಚರ್ಚಿಸುವುದು ಇವರ ಪದ್ಧತಿ. ಹಿಂದಿನ ಸಂಜೆ ನಡೆದದ್ದು ಅವನದೇ ಸಂತಾಪ ಸಭೆ. ಆದರೂ ಬಂದಿದ್ದರು. ಅಭ್ಯಾಸಬಲ.

ಅವರ ಅಳತೆಗೋಲು ಒಂದೇ. ಕುರ್ಚಿ ಖಾಲಿ ಉಳಿದರೆ ಸೋಲು, ಜನ ಗೋಡೆಗೊರಗಿ ನಿಂತರೆ ಗೆಲುವು. ಸಭಾಂಗಣ ಬಿಟ್ಟುಕೊಟ್ಟಿರುವ ಪುರಸಭೆಗೆ ನಿಂತವರ ಫೋಟೊ ಹೋಗುತ್ತಿತ್ತು. ಉಪಾಯ ನನ್ನ ಗಂಡನದು. ಎದುರಿನ ಹೊಲಿಗೆ ತರಗತಿಯಿಂದ ಕುರ್ಚಿಗಳನ್ನು ಎರವಲು ತಂದು, ಜನ ನಿಲ್ಲಲೇಬೇಕೆಂದು ಅರ್ಧವನ್ನಷ್ಟೇ ಸಭೆಗೆ ಹಾಕಿಸುತ್ತಿದ್ದ. ಉಳಿದವು ಗಣ್ಯರು ಬಂದರೆ ಇರಲಿ ಎಂದು ನಮ್ಮ ಪಡಸಾಲೆಯಲ್ಲಿ. ನಿನ್ನೆಯೂ ಅಲ್ಲೇ ಇದ್ದವು.

"ಇಂಥ ಸಭೆ ನಮ್ಮಲ್ಲಿ ಯಾವತ್ತೂ ಆಗಿಲ್ಲಮ್ಮ," ಎಂದರು ಅಧ್ಯಕ್ಷರು. "ಬಾಗಿಲಾಚೆಗೂ ಜನ!"

"ಹೋದ ತಿಂಗಳು ನೊಣ ಹೊಡೀತಾ ಕೂತಿದ್ವಿ," ಎಂದರು ಖಜಾಂಚಿ. "ನಮ್ಮ ಕಾರ್ಯದರ್ಶಿ ಹೋಗಿ ಸಂಘಾನ ಉಳಿಸಿದ್ರು ನೋಡಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಈ ವರ್ಷ ಒಂದು ಕಾರ್ಯಕ್ರಮವೂ ತುಂಬಿರಲಿಲ್ಲ. ಸಭಾಂಗಣ ಕೈತಪ್ಪುವುದರಲ್ಲಿತ್ತು. ನಿನ್ನೆಯ ಸಭೆಯನ್ನು ವರ್ಷದ ಅತ್ಯಂತ ಯಶಸ್ವಿ ಕಾರ್ಯಕ್ರಮವೆಂದು ಪುರಸಭೆಗೆ ಕಳಿಸಲು ನನ್ನ ಒಪ್ಪಿಗೆ ಬೇಕಿತ್ತು.

"ನೀವು ಹ್ಞೂಂ ಅಂದ್ರೆ ಸಾಕು. ಓದಿದವರು, ಅರ್ಥವಾಗುತ್ತೆ ನಿಮಗೆ," ಎಂದು ಅಧ್ಯಕ್ಷರು ಫೋನು ಮುಂದೆ ಹಿಡಿದರು.

ನಿನ್ನೆಯ ಫೋಟೊ. ಗೋಡೆಯುದ್ದಕ್ಕೂ ಜನ. ಮುಂದಿನ ಸಾಲಿನಲ್ಲಿ ಇವರಿಬ್ಬರೂ ಕೂತಿದ್ದರು. ಕಂಬದ ಹತ್ತಿರ ಅತ್ತೆ, ಒಂದು ಕೈ ಕಂಬದ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ.

"ಅತ್ತೇನೂ ಲೆಕ್ಕಕ್ಕೆ ಹಿಡಿದಿದ್ದೀರಾ?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಿಂತಿದ್ದಾರಲ್ಲಮ್ಮ..."

ಒಳಕೋಣೆಯಿಂದ ಅತ್ತೆಯ ದನಿ ಬಂತು: "ಯಾರೇ ಅದು, ಅವನ ಸಂಘದವರಾ? ಕೂತ್ಕೊಳ್ಳೋಕೆ ಹೇಳು. ನಮ್ಮನೇಲಿ ಕುರ್ಚಿಗೇನು ಬರ?"

"ಕಳಿಸಬೇಡಿ," ಎಂದೆ.

"ಅವನ ಹೆಸರಲ್ಲಿ ಸಂಘ ಉಳಿಯುತ್ತೆ ಕಣಮ್ಮ."

"ಅವರ ಹೆಸರು ಬೇಡ. ಅವರಮ್ಮನ ಮಂಡಿನೋವೂ ಬೇಡ."

ಖಜಾಂಚಿ ಪೇರಿಸಿಟ್ಟ ಕುರ್ಚಿಗಳತ್ತ ನೋಡಿದರು. "ಮುಂದಿನ ತಿಂಗಳಿಗೆ ಇವು ಸಿಗ್ತವೆ ತಾನೇ?"

"ಇಲ್ಲ. ಎಲ್ಲರೂ ನಿಂತ್ಕೊಳ್ಳಲಿ. ಭರ್ಜರಿ ಯಶಸ್ಸು."

ನಾನು ಕೊಟ್ಟಿದ್ದ ಚಹಾ ಹಾಗೇ ಬಿಟ್ಟು ಇಬ್ಬರೂ ಎದ್ದುಹೋದರು.

ಕುರ್ಚಿಗಳನ್ನು ಎರಡೆರಡಾಗಿ ರಸ್ತೆ ದಾಟಿಸಿದೆ. ತರಗತಿಯಲ್ಲಿ ಹುಡುಗಿಯರು ಒಂದೇ ಬೆಂಚಿನಲ್ಲಿ ಒತ್ತೊತ್ತಾಗಿ ಕೂತು ಕಾಜ ಹೊಲಿಯುತ್ತಿದ್ದರು. ಹೊಲಿಗೆ ಕಲಿಸುವ ಅಕ್ಕ ತುಟಿಯ ನಡುವಿದ್ದ ಗುಂಡುಸೂಜಿ ತೆಗೆದಳು.

"ಅಯ್ಯೋ, ಈಗಲೇ ಏನವಸರ ಇತ್ತೇ?" ಎಂದಳು. ಆಮೇಲೆ ಮೆಲ್ಲಗೆ, "ಒಂದು ಸಂಜೆಗೆ ಅಂತ ಒಯ್ದಿದ್ದ. ಕೇಳಿದಾಗೆಲ್ಲ ನಕ್ಕು ಮಾತು ಮರೆಸಿಬಿಡ್ತಿದ್ದ."

ಒಂದು ಹುಡುಗಿ ಆಗಲೇ ಎದ್ದು ಬಂದು ಕುರ್ಚಿಯ ಧೂಳು ಒರೆಸುತ್ತಿದ್ದಳು.

"ಉಳಿದವು ಸಭಾಂಗಣದಲ್ಲಿವೆ, ಅಕ್ಕ," ಎಂದೆ. "ಅವನ್ನೂ ತರ್ತೀನಿ."